ಅಪರೂಪದ ನರರೋಗಗಳ ಸಂಶೋಧನೆಯಲ್ಲಿ ಬಯೋಇನ್ಫರ್ಮ್ಯಾಟಿಕ್ಸ್: ಒಂದು ಮಗುವಿನ ಡೇಟಾ ಕೈಗೆ ಬಂದಾಗ ಏನೇನು ಮಾಡಬೇಕು

ಅಪರೂಪದ ಕಾಯಿಲೆಗಳನ್ನು ಒಂದೊಂದಾಗಿ ನೋಡಿದರೆ ಅಪರೂಪವೇ. ಒಟ್ಟು ಸೇರಿಸಿದರೆ 6,000ಕ್ಕೂ ಜಾಸ್ತಿ ಇವೆ. ಹೆಚ್ಚಿನವು ಜೀನ್‌ನಲ್ಲಿನ ತಪ್ಪಿನಿಂದ ಬರುವಂಥವು. ಅವುಗಳಲ್ಲಿ ದೊಡ್ಡ ಪಾಲು ಮಿದುಳು, ನರ, ಬೆನ್ನುಹುರಿಗೆ ಪೆಟ್ಟು ಕೊಡುತ್ತವೆ. ಫಿಟ್ಸ್ ಬರುವ ಮಗು, ಕುತ್ತಿಗೆ ನಿಲ್ಲದ ಮಗು, ಬರುತ್ತಿದ್ದ ಮಾತು ನಿಂತುಹೋದ ಮಗು, ನಲವತ್ತು ದಾಟಿದ ಮೇಲೆ ನಡಿಗೆ ತೂರಾಡಲು ಶುರುವಾದ ದೊಡ್ಡವರು. ಇಂಥವರ ಮನೆಯವರು ವರ್ಷಗಟ್ಟಲೆ ಆಸ್ಪತ್ರೆ ಅಲೆಯುತ್ತಾರೆ. ಕಾಯಿಲೆಗೆ ಒಂದು ಹೆಸರಾದರೂ ಸಿಗಲಿ ಅಂತ ಕಾಯುತ್ತಾರೆ.

ಡಿಎನ್‌ಎ ಓದುವ ಯಂತ್ರದಿಂದ ಬಂದ ಫೈಲ್ ಹಿಡಿದುಕೊಂಡು, 300 ಕೋಟಿ ಅಕ್ಷರಗಳ (ಎ, ಸಿ, ಜಿ, ಟಿ; ಅಷ್ಟನ್ನೂ ಸೇರಿಸಿ ಜೀನೋಮ್ ಅನ್ನುತ್ತೇವೆ) ನಡುವೆ ಕಾಯಿಲೆಗೆ ಕಾರಣವಾದ ಒಂದನ್ನೋ ಎರಡನ್ನೋ ಹುಡುಕುವುದು ಬಯೋಇನ್ಫರ್ಮ್ಯಾಟಿಷಿಯನ್ ಕೆಲಸ. ಈ ಕೆಲಸಕ್ಕೆ ಬರಬೇಕು ಅನ್ನುವವರಿಗೆ, ಈಗಷ್ಟೇ ಸೇರಿದವರಿಗೆ ಇದನ್ನು ಬರೆಯುತ್ತಿದ್ದೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಟೂಲ್ ಓಡಿಸುವುದನ್ನು ಯಾರು ಬೇಕಾದರೂ ಕಲಿಯಬಹುದು. ಏನೂ ಸಿಗದಿದ್ದಾಗ, ನಾವು ಎಲ್ಲೆಲ್ಲಿ ನೋಡೇ ಇಲ್ಲ ಅನ್ನುವುದು ಗೊತ್ತಿರಬೇಕಲ್ಲ, ಕಷ್ಟ ಇರುವುದು ಅಲ್ಲಿ. ಮೊದಲ ಸಲದ ವಿಶ್ಲೇಷಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕುಟುಂಬಗಳಿಗೆ ಉತ್ತರ ಸಿಗದೇ ಹೋಗುವುದು ಈ ಕ್ಷೇತ್ರದಲ್ಲಿ ಮಾಮೂಲು.

ಮೊದಲು ಕೈ ಪಳಗಿಸಿಕೊಳ್ಳಿ

ಲಿನಕ್ಸ್ ಟರ್ಮಿನಲ್, ಪೈಥಾನ್ ಅಥವಾ ಆರ್ ಭಾಷೆ, ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಗಿಟ್, ಸ್ವಲ್ಪ ಸಂಖ್ಯಾಶಾಸ್ತ್ರ. ಇಷ್ಟು ಬೇಕೇ ಬೇಕು. ಸಾಫ್ಟ್‌ವೇರ್ ಕಡೆಯಿಂದ ಬರುವವರಿಗೆ ಇದು ಸಲೀಸು. ಅವರು ತಡವರಿಸುವುದು ಜೆನೆಟಿಕ್ಸ್‌ನಲ್ಲಿ. ಬಯೋಟೆಕ್ ಓದಿದವರಿಗೆ ಉಲ್ಟಾ. ಯಾವ ಕಡೆಯಿಂದ ಬಂದರೂ, ಒಂದು ಜೀನ್‌ನ ಎರಡು ಪ್ರತಿಗಳು ತಂದೆ ತಾಯಿಯಿಂದ ಹೇಗೆ ಬರುತ್ತವೆ, ಎಕ್ಸಾನ್ (ಜೀನ್‌ನಲ್ಲಿ ಉಳಿಸಿಕೊಳ್ಳುವ ತುಂಡು) ಮತ್ತು ಇಂಟ್ರಾನ್ (ಅವುಗಳ ನಡುವಿನ ತುಂಡು) ಅಂದರೇನು, ಸ್ಪ್ಲೈಸಿಂಗ್ (ಇಂಟ್ರಾನ್ ತೆಗೆದು ಎಕ್ಸಾನ್‌ಗಳನ್ನು ಜೋಡಿಸುವುದು) ಹೇಗೆ ನಡೆಯುತ್ತದೆ ಅನ್ನುವುದನ್ನು ಕಾಗದದ ಮೇಲೆ ಚಿತ್ರ ಬರೆದು ವಿವರಿಸುವಷ್ಟು ಗಟ್ಟಿ ಮಾಡಿಕೊಳ್ಳಿ.

ಅಭ್ಯಾಸಕ್ಕೆ ರೋಗಿಗಳ ಡೇಟಾ ಬೇಕಿಲ್ಲ. ಅಮೆರಿಕದ ನಿಸ್ಟ್ ಸಂಸ್ಥೆ ನಡೆಸುವ ಜೀನೋಮ್ ಇನ್ ಎ ಬಾಟಲ್ ಯೋಜನೆಯಲ್ಲಿ ಮಗ, ತಂದೆ, ತಾಯಿ ಮೂವರ ಡೇಟಾ ಎಲ್ಲರಿಗೂ ಸಿಗುತ್ತದೆ: ಎಚ್‌ಜಿ002, ಎಚ್‌ಜಿ003, ಎಚ್‌ಜಿ004. ಜೊತೆಗೆ ಸರಿಯುತ್ತರದ ಪಟ್ಟಿಯೂ ಇದೆ. ಇಡೀ ಜೀನೋಮ್ ಇಳಿಸಿಕೊಳ್ಳಬೇಡಿ. ಒಬ್ಬರದ್ದೇ 100 ಜಿಬಿ ಆಸುಪಾಸು ಆಗುತ್ತದೆ, ಲ್ಯಾಪ್‌ಟಾಪ್ ಕೂತುಬಿಡುತ್ತದೆ. 2ನೇ ಕ್ರೋಮೋಸೋಮ್‌ನ ಒಂದು ತುಂಡು ಸಾಕು. ಬಿಡಬ್ಲ್ಯುಎ ಟೂಲ್ ಬಳಸಿ ರೀಡ್‌ಗಳನ್ನು (ಯಂತ್ರ ಓದಿದ ಚಿಕ್ಕ ಡಿಎನ್‌ಎ ತುಣುಕುಗಳನ್ನು) ರೆಫರೆನ್ಸ್‌ನಲ್ಲಿ (ಹೋಲಿಕೆಗೆ ಇಟ್ಟುಕೊಂಡ ಮಾದರಿ ಜೀನೋಮ್‌ನಲ್ಲಿ) ಅವುಗಳ ಜಾಗಕ್ಕೆ ಕೂರಿಸಿ, ಜಿಎಟಿಕೆ ಅಥವಾ ಡೀಪ್‌ವೇರಿಯಂಟ್ ಬಳಸಿ ವ್ಯತ್ಯಾಸಗಳನ್ನು ತೆಗೆಯಿರಿ. ನಿಮ್ಮ ಪಟ್ಟಿಯನ್ನು ಸರಿಯುತ್ತರದ ಜೊತೆ ಹೋಲಿಸಿ. ಎಷ್ಟು ತಪ್ಪಿದವು, ಎಲ್ಲಿ ತಪ್ಪಿದವು ನೋಡಿ.

2ನೇ ಕ್ರೋಮೋಸೋಮ್ ಅಂತಲೇ ಯಾಕೆ ಹೇಳಿದೆ ಅಂದರೆ ಫಿಟ್ಸ್ ಕಾಯಿಲೆಗೆ ಸಂಬಂಧಿಸಿದ ಎಸ್‌ಸಿಎನ್1ಎ ಜೀನ್ ಇರುವುದು ಅಲ್ಲಿ. ಕ್ಲಿನ್‌ವಾರ್ ಡೇಟಾಬೇಸ್‌ನಿಂದ ಆ ಜೀನ್‌ನಲ್ಲಿ ಕಾಯಿಲೆ ತರುತ್ತದೆ ಅಂತ ದೃಢಪಟ್ಟ ಒಂದು ವೇರಿಯಂಟ್ (ಅಕ್ಷರದ ವ್ಯತ್ಯಾಸ) ಆರಿಸಿಕೊಂಡು, ಮಗನ ಫೈಲ್‌ನಲ್ಲಿ ಮಾತ್ರ ಕೈಯಾರೆ ಸೇರಿಸಿ. ನಿಮ್ಮ ಪೈಪ್‌ಲೈನ್ (ಒಂದರ ಹಿಂದೊಂದು ಓಡುವ ಟೂಲ್‌ಗಳ ಸಾಲು) ಅದನ್ನು ಹಿಡಿದು ಪಟ್ಟಿಯ ಮೇಲ್ಗಡೆ ತರುತ್ತದಾ? ತರದಿದ್ದರೆ ಯಾವ ಹಂತದಲ್ಲಿ ಬಿದ್ದುಹೋಯಿತು? ಈ ಒಂದು ಅಭ್ಯಾಸ ಹತ್ತು ಆನ್‌ಲೈನ್ ಕೋರ್ಸ್‌ಗಿಂತ ಹೆಚ್ಚು ಕಲಿಸುತ್ತದೆ.

ಕಂಪ್ಯೂಟರ್ ಮುಟ್ಟುವ ಮುಂಚೆ ಮಗುವಿನ ವಿವರ ಓದಿ

ಹೊಸಬರು ನೇರ ಫೈಲ್ ತೆರೆಯುತ್ತಾರೆ. ಮೊದಲು ಕೇಸ್ ಶೀಟ್ ತೆರೆಯಬೇಕು. ಸಾಧ್ಯವಾದರೆ ಡಾಕ್ಟರ ಅನುಮತಿ ಪಡೆದು ವಾರಕ್ಕೊಮ್ಮೆಯಾದರೂ ಕ್ಲಿನಿಕ್‌ನಲ್ಲಿ ಕೂತುಕೊಳ್ಳಿ. "ಫಿಟ್ಸ್ ಬರುತ್ತೆ" ಅನ್ನುವ ಎರಡು ಪದದಿಂದ ನಮ್ಮ ಹುಡುಕಾಟಕ್ಕೆ ಏನೂ ಸಹಾಯವಾಗದು. ಎಷ್ಟನೇ ತಿಂಗಳಲ್ಲಿ ಶುರುವಾಯಿತು? ಜ್ವರ ಬಂದಾಗಲೇ ಬರುತ್ತಾ? ಬಿಸಿನೀರು ಸ್ನಾನ ಮಾಡಿಸಿದರೆ ಬರುತ್ತಾ? ಮೈಯ ಒಂದೇ ಪಕ್ಕ ಅದುರುತ್ತಾ? ಎಷ್ಟು ಹೊತ್ತು ಇರುತ್ತೆ?

ಒಂದು ಉದಾಹರಣೆ ನೋಡಿ. ಹುಟ್ಟಿದಾಗ ಚೆನ್ನಾಗಿದ್ದ ಮಗು. ವರ್ಷ ತುಂಬುವ ಮೊದಲೇ ಜ್ವರದ ಜೊತೆ ಫಿಟ್ಸ್ ಬಂತು. ಅರ್ಧ ಗಂಟೆ ನಿಲ್ಲಲಿಲ್ಲ. ಒಮ್ಮೆ ಎಡಗಡೆ, ಇನ್ನೊಮ್ಮೆ ಬಲಗಡೆ. ಇಷ್ಟು ಗೊತ್ತಾದರೆ ಡ್ರಾವೆ ಸಿಂಡ್ರೋಮ್ ನೆನಪಾಗಬೇಕು. ಫ್ರಾನ್ಸ್‌ನ ಡಾಕ್ಟರ್ ಶಾರ್ಲೋಟ್ ಡ್ರಾವೆ ಇದನ್ನು 1978ರಲ್ಲಿ ಗುರುತಿಸಿದರು. ಕಾರಣ ಎಸ್‌ಸಿಎನ್1ಎ ಅಂತ ತಿಳಿದದ್ದು 2001ರಲ್ಲಿ. ಈ ಮಕ್ಕಳಿಗೆ ಕಾರ್ಬಮಜೆಪಿನ್, ಲ್ಯಾಮೊಟ್ರಿಜಿನ್‌ನಂಥ ಮಾಮೂಲಿ ಫಿಟ್ಸ್ ಔಷಧಿಗಳು ಕಾಯಿಲೆಯನ್ನು ಹೆಚ್ಚು ಮಾಡಬಹುದು. ನಾವು ಹುಡುಕುವ ಒಂದು ಅಕ್ಷರದ ಮೇಲೆ ಆ ಮಗು ನಾಳೆ ಯಾವ ಮಾತ್ರೆ ನುಂಗುತ್ತದೆ ಅನ್ನುವುದು ನಿಂತಿರುತ್ತದೆ. ಔಷಧಿ ಬದಲಿಸುವುದು ಡಾಕ್ಟರ ಕೆಲಸ. ಅವರಿಗೆ ಬೇಗ, ಸರಿಯಾಗಿ ತಿಳಿಸುವುದು ನಮ್ಮದು.

ತಾಯಂದಿರು ಹೇಳುವ ಇನ್ನೊಂದು ವಿಷಯವನ್ನು ಯಾವತ್ತೂ ಬಿಡಬೇಡಿ: ಮಗು ಕಲಿಯಲೇ ಇಲ್ಲವಾ, ಅಥವಾ ಕಲಿತದ್ದನ್ನು ಕಳೆದುಕೊಂಡಿತಾ? "ಅಮ್ಮ, ಅತ್ತೆ ಅಂತಿದ್ಲು, ಚಮಚ ಹಿಡ್ಕೊಂಡು ತಿಂತಿದ್ಲು, ಈಗ ಯಾವುದೂ ಇಲ್ಲ" ಅಂದರೆ ಹುಡುಕಾಟದ ದಿಕ್ಕೇ ಬೇರೆ. ಹೆಣ್ಣುಮಗುವಾಗಿದ್ದು, ಕೈಗಳನ್ನು ಹಿಸುಕುತ್ತಾ ಇದ್ದರೆ ರೆಟ್ ಸಿಂಡ್ರೋಮ್ ಮತ್ತು ಎಂಇಸಿಪಿ2 ಜೀನ್ ನೆನಪಾಗಬೇಕು. ಜೊತೆಗೆ ಕಣ್ಣೂ ಮಂಜಾಗುತ್ತಿದ್ದರೆ, ಮಿದುಳು ಕ್ರಮೇಣ ಕೆಡುವ ಬ್ಯಾಟನ್ ಗುಂಪಿನ ಕಾಯಿಲೆಗಳು. ಕೇಸ್ ಶೀಟ್‌ನಲ್ಲಿ "ಬೆಳವಣಿಗೆ ಕುಂಠಿತ" ಅಂತ ಒಂದೇ ಸಾಲು ಬರೆದಿದ್ದರೆ ಫೋನ್ ಎತ್ತಿ ಡಾಕ್ಟರನ್ನು ಕೇಳಿ. ನಮ್ಮ ಊರಿನ ತಾಯಂದಿರು ಕನ್ನಡದಲ್ಲಿ ಇವನ್ನೆಲ್ಲ ತುಂಬ ನಿಖರವಾಗಿ ಹೇಳುತ್ತಾರೆ. ಕೇಳಿಸಿಕೊಳ್ಳುವವರು ಬೇಕು ಅಷ್ಟೇ.

ಕೇಳಿದ್ದನ್ನು ಎಚ್‌ಪಿಓ ಸಂಕೇತಗಳಿಗೆ ಹೊಂದಿಸಿ. ರೋಗಲಕ್ಷಣಗಳಿಗೆ ಜಗತ್ತಿನಾದ್ಯಂತ ಬಳಸುವ ಒಂದೇ ಪಟ್ಟಿ ಅದು. ಎಕ್ಸೋಮೈಸರ್‌ನಂಥ ಟೂಲ್‌ಗಳು ಈ ಸಂಕೇತಗಳನ್ನು ನೋಡಿಯೇ ಜೀನ್‌ಗಳನ್ನು ಮೇಲೆ ಕೆಳಗೆ ಮಾಡುತ್ತವೆ. ಇಲ್ಲದ ಲಕ್ಷಣವನ್ನೂ "ಇಲ್ಲ" ಅಂತ ದಾಖಲಿಸಿ. ನೋಡಿ ಇಲ್ಲ ಅನ್ನುವುದೂ ನೋಡೇ ಇಲ್ಲ ಅನ್ನುವುದೂ ಬೇರೆ ಬೇರೆ ಅಲ್ವಾ?

ವಂಶವೃಕ್ಷ

ನಮ್ಮ ಕಡೆ ಅಕ್ಕನ ಮಗಳನ್ನು ಮದುವೆಯಾಗುವುದು, ಸೋದರತ್ತೆ ಮಗನನ್ನು ಮದುವೆಯಾಗುವುದು ಇನ್ನೂ ಇದೆ. ಸೋದರಮಾವನನ್ನು ಮದುವೆಯಾದವರ ಮಗುವಿನ ಜೀನೋಮ್‌ನಲ್ಲಿ ಸರಾಸರಿ ಎಂಟರಲ್ಲೊಂದು ಭಾಗದ ಎರಡೂ ಪ್ರತಿಗಳು ಒಂದೇ ಪೂರ್ವಜರಿಂದ ಬಂದಿರುತ್ತವೆ. ಅತ್ತೆ, ಮಾವನ ಮಕ್ಕಳ ನಡುವಿನ ಮದುವೆಯಾದರೆ ಹದಿನಾರರಲ್ಲೊಂದು ಭಾಗ. ಎರಡೂ ಪ್ರತಿ ಕೆಟ್ಟಾಗ ಮಾತ್ರ ಬರುವ ಕಾಯಿಲೆಗಳನ್ನು ಮೊದಲು ಈ ಭಾಗಗಳಲ್ಲೇ ಹುಡುಕಬೇಕು. ಆ ಪಟ್ಟೆಗಳು ಡೇಟಾದಲ್ಲಿ ಉದ್ದುದ್ದಕ್ಕೆ ಕಾಣಿಸುತ್ತವೆ. ಸಂಬಂಧವೇ ಇಲ್ಲ ಅಂತ ಹೇಳಿದ ಮನೆಗಳಲ್ಲೂ ಕಾಣಿಸುವುದುಂಟು. ತಲೆಮಾರುಗಳಿಂದ ಅದೇ ನಾಲ್ಕೂರಿನೊಳಗೆ, ಅದೇ ಜಾತಿಯೊಳಗೆ ಕೊಟ್ಟು ತಂದಿರುತ್ತಾರಲ್ಲ, ಅದಕ್ಕೆ.

ಆದರೆ ಸಂಬಂಧದ ಮದುವೆ ಅಂದಾಕ್ಷಣ ಬೇರೆ ಬಾಗಿಲು ಮುಚ್ಚಬೇಡಿ. ಪ್ರತಿ ಮಗುವಿನಲ್ಲೂ ತಂದೆ ತಾಯಿಯಲ್ಲಿ ಇಲ್ಲದ 60ರಿಂದ 70 ಹೊಸ ಬದಲಾವಣೆಗಳು ಇರುತ್ತವೆ. ಅವುಗಳಲ್ಲಿ ಒಂದೋ ಎರಡೋ ಪ್ರೊಟೀನ್ ಬರೆಯುವ ಜಾಗದಲ್ಲಿ ಬೀಳುತ್ತವೆ. ಡ್ರಾವೆ, ರೆಟ್ ಹೆಚ್ಚಾಗಿ ಬರುವುದು ಹೀಗೆ. ಸೋದರಮಾವನನ್ನು ಮದುವೆಯಾದವರ ಮಗುವಿಗೂ ಇದೇ ಕಾರಣ ಇರಬಹುದು. ಆಗ "ನೀನು ಅಲ್ಲಿ ಮದುವೆ ಮಾಡಿಕೊಂಡಿದ್ದಕ್ಕೇ ಹೀಗಾಯ್ತು" ಅನ್ನುವ ಮಾತು ಕೇಳಿ ಕೇಳಿ ಸೋತ ತಾಯಿಗೆ, ಕಾರಣ ಅದಲ್ಲ ಅಂತ ಹೇಳಲು ಡಾಕ್ಟರಿಗೆ ಸಾಧ್ಯವಾಗುತ್ತದೆ. ಇದು ಸಣ್ಣ ವಿಷಯ ಅಲ್ಲ.

ಗಂಡುಮಗುವಾದರೆ ತಾಯಿಯ ಕಡೆಯ ಗಂಡಸರ ಬಗ್ಗೆ ವಿಚಾರಿಸಿ. ಸೋದರಮಾವ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿದ್ದರೆ, ಅಥವಾ ನಡೆಯಲಾಗದೆ ಇದ್ದರೆ, ಎಕ್ಸ್ ಕ್ರೋಮೋಸೋಮ್ ಮೇಲೆ ಕಣ್ಣಿಡಿ.

ಡೇಟಾ ಸರಿಯಿದೆಯಾ?

ಈ ಹಂತದಲ್ಲಿ ಬೇಜಾರಾದರೂ ಒಂದನ್ನೂ ಬಿಡುವ ಹಾಗಿಲ್ಲ. ಮಗು ಹೆಣ್ಣು ಅಂತ ಬರೆದಿದ್ದರೆ ಡೇಟಾ ಹಾಗೇ ಹೇಳುತ್ತಾ? ತಂದೆ ತಾಯಿ ಇಬ್ಬರ ಜೊತೆಗೂ ಮಗು ಅರ್ಧರ್ಧ ಹೊಂದುತ್ತಾ? ಟ್ಯೂಬ್ ಅದಲುಬದಲಾಗಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ಸೋಮಲಿಯರ್ ಅನ್ನುವ ಟೂಲ್ ಇದನ್ನು ನಿಮಿಷಗಳಲ್ಲಿ ಮಾಡುತ್ತದೆ. ರೀಡ್‌ಗಳ ಗುಣಮಟ್ಟಕ್ಕೆ ಫಾಸ್ಟ್‌ಕ್ಯೂಸಿ ಇದೆ.

ಟ್ಯೂಬ್ ಅದಲುಬದಲಾಗದೆಯೂ ತಂದೆ ಹೊಂದದೇ ಇರಬಹುದು. ಅದನ್ನು ರಿಪೋರ್ಟ್‌ನಲ್ಲಿ ಬರೆಯಬೇಡಿ, ಪಕ್ಕದ ಸಹೋದ್ಯೋಗಿಗೂ ಹೇಳಬೇಡಿ. ನಿಮ್ಮ ಸಂಸ್ಥೆಯ ನೈತಿಕ ಸಮಿತಿ ಒಪ್ಪಿದ ನಿಯಮದಂತೆ ಮುಖ್ಯ ಸಂಶೋಧಕರಿಗೆ ಮಾತ್ರ ತಿಳಿಸಿ. ಒಂದು ಸಂಸಾರ ಮುರಿಯುವ ಮಾಹಿತಿ ಅದು. ಗರ್ಭದಲ್ಲಿರುವ ಮಗುವಿನ ಸ್ಯಾಂಪಲ್ ಆದರೆ ಇನ್ನೂ ಹುಷಾರು. 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಪ್ರಕಾರ ಲಿಂಗ ತಿಳಿಸುವುದು ಅಪರಾಧ. ಎಕ್ಸ್ ಕ್ರೋಮೋಸೋಮ್‌ನ ಜೀನ್ ಇರುವುದೇ ಒಂದು ಪ್ರತಿ, ಅದರಲ್ಲೇ ವೇರಿಯಂಟ್ ಇದೆ ಅಂತ ಬರೆದರೂ ಗಂಡು ಅಂತ ಹೇಳಿದ ಹಾಗೇ ಆಗುತ್ತದೆ. ಯಾವ ಮಾತಿನಲ್ಲಿ ಬರೆಯಬೇಕು ಅಂತ ಜೆನೆಟಿಕ್ಸ್ ಡಾಕ್ಟರ ಜೊತೆ ಕೂತು ತೀರ್ಮಾನಿಸಿ.

ಯಾವ ರೆಫರೆನ್ಸ್ ಬಳಸಿದ್ದಾರೆ ಅನ್ನುವುದನ್ನೂ ನೋಡಿಕೊಳ್ಳಿ. 2009ರ 37ನೇ ಆವೃತ್ತಿಯಲ್ಲಿ ಒಂದು ಅಕ್ಷರದ ಜಾಗ ಒಂದು ಸಂಖ್ಯೆ, 2013ರ 38ರಲ್ಲಿ ಇನ್ನೊಂದು. ಬೇರೆ ಲ್ಯಾಬ್‌ನ ಹಳೆಯ ರಿಪೋರ್ಟ್ ಜೊತೆ ಹೋಲಿಸುವಾಗ ಇದರಿಂದಲೇ ಗೊಂದಲ ಆಗುತ್ತದೆ. ಹಾಗೇ, ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆಯುವ ಅಭ್ಯಾಸ ಬಿಡಿ. ಜೀನ್ ಹೆಸರುಗಳನ್ನು ತಾರೀಖು ಅಂದುಕೊಂಡು ಅದು ಬದಲಿಸುತ್ತದೆ. ತೋಳಿನ ನರಗಳಿಗೆ ಬರುವ ಒಂದು ವಂಶಪಾರಂಪರ್ಯ ಕಾಯಿಲೆಯ ಜೀನ್ ಸೆಪ್ಟ್9 ಹೀಗೇ ಸೆಪ್ಟೆಂಬರ್ 9 ಆಗುತ್ತಿತ್ತು. ಕೊನೆಗೆ 2020ರಲ್ಲಿ ಅಂಥ ಜೀನ್‌ಗಳ ಹೆಸರನ್ನೇ ಬದಲಿಸಿದರು.

ಸೋಸುವುದು

ಒಬ್ಬ ಮನುಷ್ಯನ ಜೀನೋಮ್ ರೆಫರೆನ್ಸ್‌ಗಿಂತ 40ರಿಂದ 50 ಲಕ್ಷ ಕಡೆ ಬೇರೆ ಇರುತ್ತದೆ. ಎಕ್ಸೋಮ್ ಅಂದರೆ ಪ್ರೊಟೀನ್ ಬರೆಯುವ ಭಾಗ ಮಾತ್ರ ತೆಗೆದುಕೊಂಡರೂ 20 ಸಾವಿರದ ಮೇಲೆ. ಇವುಗಳಲ್ಲಿ ಜನರಲ್ಲಿ ಸಾಮಾನ್ಯವಾಗಿ ಕಾಣುವಂಥದ್ದನ್ನೆಲ್ಲ ಮೊದಲು ಬಿಡುತ್ತೇವೆ. ಇದಕ್ಕೆ ಎಲ್ಲರೂ ನೋಡುವುದು ನೋಮ್ಯಾಡ್ ಡೇಟಾಬೇಸ್. ಅದರ 4ನೇ ಆವೃತ್ತಿಯಲ್ಲಿ ಸುಮಾರು 8 ಲಕ್ಷ ಜನರ ಮಾಹಿತಿ ಇದೆ. ಅದರಲ್ಲಿ ದಕ್ಷಿಣ ಏಷ್ಯಾದವರ ಪಾಲು ಕಡಿಮೆ.

ಹಾಗಾಗಿ ನೋಮ್ಯಾಡ್‌ನಲ್ಲಿ ಇಲ್ಲ ಅಂದ ಮಾತ್ರಕ್ಕೆ ಅಪರೂಪ ಅಂತ ನಂಬಬೇಡಿ. ನಮ್ಮ ಒಂದು ಸಮುದಾಯದಲ್ಲಿ ಅದು ಮಾಮೂಲಿ ಇರಬಹುದು. ದೆಹಲಿಯ ಐಜಿಐಬಿ ಸಂಸ್ಥೆಯ ಇಂಡಿಜೆನ್ ಯೋಜನೆ 1,029 ಭಾರತೀಯರ ಜೀನೋಮ್‌ಗಳನ್ನು ಓದಿದೆ. ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮುಂದೆ ನಿಂತು ನಡೆಸಿದ ಜೀನೋಮ್ ಇಂಡಿಯಾ ಯೋಜನೆ 10,000 ಜನರದ್ದನ್ನು ಓದಿದೆ. ಆ ಡೇಟಾ ಫರೀದಾಬಾದ್‌ನ ಇಂಡಿಯನ್ ಬಯಾಲಾಜಿಕಲ್ ಡೇಟಾ ಸೆಂಟರ್‌ನಲ್ಲಿದೆ. ಎರಡನ್ನೂ ಬಳಸಿ. ನಿಮ್ಮದೇ ಲ್ಯಾಬ್‌ನಲ್ಲಿ ಈವರೆಗೆ ಬಂದ ಎಲ್ಲ ಕುಟುಂಬಗಳ ವೇರಿಯಂಟ್‌ಗಳ ಲೆಕ್ಕವನ್ನೂ ಇಟ್ಟುಕೊಳ್ಳಿ. ಸಂಬಂಧವಿಲ್ಲದ ಹತ್ತು ಮಕ್ಕಳಲ್ಲಿ, ಬೇರೆ ಬೇರೆ ಕಾಯಿಲೆಯವರಲ್ಲಿ, ಅದೇ ವೇರಿಯಂಟ್ ಕಾಣಿಸಿದರೆ ಅದು ಯಂತ್ರದ ತಪ್ಪು, ಇಲ್ಲವೇ ನಮ್ಮ ಜನರಲ್ಲಿ ಸಹಜವಾಗಿ ಇರುವಂಥದ್ದು.

ಸಮುದಾಯದ ವಿಷಯ ಎರಡೂ ಕಡೆ ಕೆಲಸ ಮಾಡುತ್ತದೆ. ಉತ್ತರ ಭಾರತದ ಅಗರ್ವಾಲ್ ಸಮುದಾಯದಲ್ಲಿ ಎಂಎಲ್‌ಸಿ1 ಜೀನ್‌ನ ಒಂದೇ ನಿರ್ದಿಷ್ಟ ಬದಲಾವಣೆ ಮತ್ತೆ ಮತ್ತೆ ಸಿಗುತ್ತದೆ. ತಲೆ ದೊಡ್ಡದಾಗುತ್ತಾ, ನಡಿಗೆ ನಿಧಾನವಾಗಿ ಕೆಡುವ ಕಾಯಿಲೆ ಅದು. ಗೊತ್ತಿದ್ದವರು ಮೊದಲು ಅದನ್ನೇ ನೋಡುತ್ತಾರೆ. ವಾರಗಟ್ಟಲೆ ಕೆಲಸ ಉಳಿಯುತ್ತದೆ.

ಕಣ್ಣಾರೆ ನೋಡಿ

ಪಟ್ಟಿ ಹತ್ತು ಹದಿನೈದಕ್ಕೆ ಇಳಿದ ಮೇಲೆ ಪ್ರತಿಯೊಂದನ್ನೂ ಐಜಿವಿಯಲ್ಲಿ (ರೀಡ್‌ಗಳನ್ನು ತೆರೆಯ ಮೇಲೆ ತೋರಿಸುವ ಟೂಲ್) ತೆರೆದು ನೋಡಿ. ರೀಡ್‌ಗಳು ಬೂದು ಬಣ್ಣದ ಪಟ್ಟಿಗಳಾಗಿ ಒಂದರ ಕೆಳಗೊಂದು ಜೋಡಿಸಿರುತ್ತವೆ. ರೆಫರೆನ್ಸ್‌ಗೆ ಹೊಂದದ ಅಕ್ಷರ ಮಾತ್ರ ಬಣ್ಣದಲ್ಲಿ: ಎ ಹಸಿರು, ಸಿ ನೀಲಿ, ಟಿ ಕೆಂಪು. ಮಗು, ತಂದೆ, ತಾಯಿ ಮೂವರದ್ದನ್ನೂ ಒಟ್ಟಿಗೆ ಇಟ್ಟು ನೋಡಿ. ಮಗುವಿನ 40 ರೀಡ್‌ಗಳಲ್ಲಿ 19ರಲ್ಲಿ ಕೆಂಪು ಇದೆ ಅಂದುಕೊಳ್ಳಿ. ತಂದೆಯಲ್ಲಿ ಒಂದೂ ಇಲ್ಲ. ತಾಯಿಯಲ್ಲಿ? ಸಾಫ್ಟ್‌ವೇರ್ "ಇಲ್ಲ" ಅಂದಿದೆ. ಆದರೆ ಕೆಳಗೆ ಜಾರಿಸುತ್ತಾ ಹೋದರೆ 45ರಲ್ಲಿ ಮೂರು ರೀಡ್‌ಗಳಲ್ಲಿ ಅದೇ ಕೆಂಪು.

ಆ ಮೂರು ರೀಡ್ ಯಂತ್ರದ ತಪ್ಪಿರಬಹುದು. ಇಲ್ಲವೇ ತಾಯಿಯ ಮೈಯ ಕೆಲವು ಜೀವಕೋಶಗಳಲ್ಲಿ ಮಾತ್ರ ಆ ಬದಲಾವಣೆ ಇರಬಹುದು. ಇದ್ದರೆ, ಮುಂದಿನ ಮಗುವಿಗೂ ಬರುವ ಸಾಧ್ಯತೆ ಏರುತ್ತದೆ. "ಇನ್ನೊಂದು ಮಗು ಮಾಡಿಕೊಳ್ಳಬಹುದಾ ಡಾಕ್ಟ್ರೇ?" ಅಂತ ಆ ದಂಪತಿ ಕೇಳಿಯೇ ಕೇಳುತ್ತಾರೆ. ಸುಮ್ನೆ ಪಟ್ಟಿ ನೋಡಿ ಕಳಿಸಿದವರು "ಹೊಸ ಬದಲಾವಣೆ, ಮತ್ತೆ ಬರುವುದು ತೀರಾ ಕಡಿಮೆ" ಅಂತ ಬರೆದಿರುತ್ತಾರೆ. ಮೂರು ಕೆಂಪು ಅಕ್ಷರ ನೋಡಿದವರು ಆ ಜಾಗವನ್ನು ಇನ್ನೂ ಹೆಚ್ಚು ಸಲ ಓದಿಸಿ ಅಂತ ಕೇಳುತ್ತಾರೆ.

ಏನೂ ಸಿಗದಿದ್ದರೆ: ನೋಡದೇ ಬಿಟ್ಟ ಜಾಗಗಳು

ಇಲ್ಲಿಂದ ನಿಜವಾದ ಕೆಲಸ ಶುರು. ನಮ್ಮ ಮಾಮೂಲಿ ಪೈಪ್‌ಲೈನ್‌ಗೆ ಕಾಣದ ಜಾಗಗಳು ಯಾವುವು ಅಂತ ಒಂದು ಪಟ್ಟಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ.

ಮೊದಲನೆಯದು ಜೋಡಿ ಜೀನ್‌ಗಳು. ಕೈಕಾಲು ಆಡಿಸಲಾಗದ, ಕುತ್ತಿಗೆ ನಿಲ್ಲದ ಮಗುವಿಗೆ ಎಸ್‌ಎಂಎ (ಬೆನ್ನುಹುರಿಯ ನರಕೋಶ ಸತ್ತು ಸ್ನಾಯು ಸೊರಗುವ ಕಾಯಿಲೆ) ಇರಬಹುದು. ಕಾರಣ ಎಸ್‌ಎಂಎನ್1 ಜೀನ್, 1995ರಲ್ಲೇ ಗೊತ್ತಾಗಿದೆ. ಅದರ ಪಕ್ಕದಲ್ಲೇ ಎಸ್‌ಎಂಎನ್2 ಇದೆ. ಎರಡೂ ಅವಳಿ ಮಕ್ಕಳ ಹಾಗೆ. 7ನೇ ಎಕ್ಸಾನ್‌ನಲ್ಲಿ ಒಂದರಲ್ಲಿ ಸಿ, ಇನ್ನೊಂದರಲ್ಲಿ ಟಿ. ಮುಖ್ಯವಾದ ವ್ಯತ್ಯಾಸ ಅಷ್ಟೇ. 150 ಅಕ್ಷರದ ರೀಡ್ ಯಾವುದಕ್ಕೆ ಸೇರಿದ್ದು ಅಂತ ಸಾಫ್ಟ್‌ವೇರ್‌ಗೆ ತಿಳಿಯುವುದಿಲ್ಲ. ಅದು ಮ್ಯಾಪಿಂಗ್ ಗುಣಮಟ್ಟ (ರೀಡ್ ಈ ಜಾಗದ್ದೇ ಅನ್ನುವ ಭರವಸೆಯ ಅಂಕ) ಸೊನ್ನೆ ಅಂತ ಕೊಡುತ್ತದೆ. ಮುಂದಿನ ಹಂತ ಸೊನ್ನೆ ಇರುವ ರೀಡ್‌ಗಳನ್ನೆಲ್ಲ ಎಸೆಯುತ್ತದೆ. ಹೀಗೆ ಮಗುವಿನಲ್ಲಿ ಎಸ್‌ಎಂಎನ್1 ಪೂರ್ತಿ ಇಲ್ಲದಿದ್ದರೂ ನಮ್ಮ ಪಟ್ಟಿ ಏನೂ ಹೇಳದೆ ಖಾಲಿ ಬರುತ್ತದೆ. ಇದಕ್ಕೇ ಅಂತ ಬರೆದ ಬೇರೆ ಟೂಲ್‌ಗಳು ಎರಡೂ ಜೀನ್‌ಗಳ ರೀಡ್ ಒಟ್ಟುಗೂಡಿಸಿ, ಆ ಒಂದು ಅಕ್ಷರದ ಸಿ ಮತ್ತು ಟಿ ಲೆಕ್ಕದಿಂದ ಎಷ್ಟು ಪ್ರತಿಗಳಿವೆ ಅಂತ ಹೇಳುತ್ತವೆ. ಎಸ್‌ಎಂಎಗೆ 2016ರಿಂದ ಔಷಧಿ ಇದೆ, ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಇಂಥ ಕಡೆ ಖಾಲಿ ಪಟ್ಟಿಯನ್ನು ನಂಬಿ ಕೂರುವ ಹಾಗಿಲ್ಲ.

ಎರಡನೆಯದು ಮತ್ತೆ ಮತ್ತೆ ಬರುವ ಅಕ್ಷರಗಳು. ಹಂಟಿಂಗ್ಟನ್ ಅನ್ನುವ ಮಿದುಳಿನ ಕಾಯಿಲೆಯ ಜೀನ್‌ನಲ್ಲಿ ಸಿಎಜಿ ಅನ್ನುವ ಮೂರಕ್ಷರ 40 ಸಲವೋ ಜಾಸ್ತಿಯೋ ಬಂದರೆ ಕಾಯಿಲೆ ಬರುತ್ತದೆ. ನಡಿಗೆ ತೂರಾಡುವ ಫ್ರೀಡ್ರೈಕ್ ಅಟಾಕ್ಸಿಯಾದಲ್ಲಿ ಜಿಎಎ ನೂರಾರು ಸಲ, ಕೆಲವೊಮ್ಮೆ ಸಾವಿರ ದಾಟುತ್ತದೆ. ಅಂದರೆ ಸಾವಿರಾರು ಅಕ್ಷರ. 150 ಅಕ್ಷರದ ರೀಡ್ ಅದರ ಈ ಕಡೆಯಿಂದ ಆ ಕಡೆಗೆ ಮುಟ್ಟುವುದೇ ಇಲ್ಲ. ಎಕ್ಸ್‌ಪ್ಯಾನ್ಷನ್ ಹಂಟರ್ ಓಡಿಸಿದರೆ ಅನುಮಾನ ಮೂಡುವಷ್ಟು ಸುಳಿವು ಸಿಗುತ್ತದೆ. ಗಟ್ಟಿ ಮಾಡಲು ಬೇರೆ ಪರೀಕ್ಷೆ, ಅಥವಾ ನ್ಯಾನೋಪೋರ್, ಪ್ಯಾಕ್‌ಬಯೋದಂಥ ಉದ್ದ ರೀಡ್ ಬೇಕು. ನಡಿಗೆ ತೂರಾಡುವ ದೊಡ್ಡವರಲ್ಲಿ ಇಂಥದ್ದೇ ಕಾರಣವಿರುವ ಆರ್‌ಎಫ್‌ಸಿ1 ಜೀನ್ ಬಗ್ಗೆ 2019ರಲ್ಲಿ, ಎಫ್‌ಜಿಎಫ್14 ಜೀನ್ ಬಗ್ಗೆ 2023ರಲ್ಲಿ ಗೊತ್ತಾಯಿತು. ಅದಕ್ಕೂ ಮುಂಚೆ "ಏನೂ ಇಲ್ಲ" ಅಂತ ಮುಚ್ಚಿಟ್ಟ ಫೈಲ್‌ಗಳು ನಿಮ್ಮ ಲ್ಯಾಬ್‌ನಲ್ಲಿದ್ದರೆ ಇವತ್ತೇ ತೆಗೆಯಿರಿ.

ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೋಕಾಂಡ್ರಿಯಾಕ್ಕೆ ಇರುವ ಪ್ರತ್ಯೇಕ ಡಿಎನ್‌ಎ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಮಿದುಳು, ಸ್ನಾಯುಗಳಿಗೆ ಬರುವ ಮೆಲಾಸ್ ಕಾಯಿಲೆಗೆ ಕಾರಣವಾಗುವ 3243ನೇ ಜಾಗದ ಬದಲಾವಣೆ, ವಯಸ್ಸಾದಂತೆ ರಕ್ತದಲ್ಲಿ ಕಡಿಮೆಯಾಗುತ್ತಾ ಹೋಗುತ್ತದೆ. ರಕ್ತದಲ್ಲಿ ಇಲ್ಲ ಅಂದರೆ ಮೂತ್ರದ ಸ್ಯಾಂಪಲ್ ಕೇಳಿ.

ಇನ್ನು ಇಂಟ್ರಾನ್‌ಗಳು. ಅಮೆರಿಕದ ಬೋಸ್ಟನ್ ಮಕ್ಕಳ ಆಸ್ಪತ್ರೆಯ ಡಾಕ್ಟರ್ ಟಿಮತಿ ಯು ತಂಡದ ಕೆಲಸವನ್ನು ಈ ಕ್ಷೇತ್ರದಲ್ಲಿರುವ ಪ್ರತಿಯೊಬ್ಬರೂ ತಿಳಿದಿರಬೇಕು. ಬ್ಯಾಟನ್ ಕಾಯಿಲೆಯ ಒಂದು ಮಗುವಿನಲ್ಲಿ ಎಂಎಫ್‌ಎಸ್‌ಡಿ8 ಜೀನ್‌ನ ಒಂದು ಪ್ರತಿಯಲ್ಲಿ ತಪ್ಪು ಸಿಕ್ಕಿತ್ತು. ಆ ಕಾಯಿಲೆಗೆ ಎರಡೂ ಪ್ರತಿ ಕೆಟ್ಟಿರಬೇಕು. ಎರಡನೆಯದು ಯಾವ ಪರೀಕ್ಷೆಯಲ್ಲೂ ಕಾಣಲಿಲ್ಲ. ಇಡೀ ಜೀನೋಮ್ ಓದಿಸಿ ಆ ಜೀನ್ ಅನ್ನು ಉದ್ದಕ್ಕೂ ನೋಡಿದಾಗ, ಒಂದು ಇಂಟ್ರಾನ್‌ನೊಳಗೆ ಕೆಲವು ರೀಡ್‌ಗಳ ತುದಿ ಅಲ್ಲಿಯ ಅಕ್ಷರಗಳಿಗೆ ಹೊಂದುತ್ತಿರಲಿಲ್ಲ. ಬೇರೆಲ್ಲಿಂದಲೋ ನೆಗೆದು ಬಂದು ಸೇರಿಕೊಂಡ ಸುಮಾರು 2,000 ಅಕ್ಷರದ ತುಣುಕು ಅಲ್ಲಿತ್ತು. ಅದು ಸ್ಪ್ಲೈಸಿಂಗ್ ಕೆಡಿಸುತ್ತಿತ್ತು. ಆ ತಪ್ಪನ್ನು ಮರೆಮಾಚುವ 22 ಅಕ್ಷರದ ಔಷಧಿಯೊಂದನ್ನು ಆ ಒಂದೇ ಮಗುವಿಗಾಗಿ ತಯಾರಿಸಿ, 2018ರ ಜನವರಿಯಲ್ಲಿ ಕೊಡಲು ಶುರು ಮಾಡಿದರು. ಮಿಲಾಸೆನ್ ಅಂತ ಅದರ ಹೆಸರು. ಫಿಟ್ಸ್ ಕಡಿಮೆಯಾದವು. ಕಾಯಿಲೆ ಅಷ್ಟು ಹೊತ್ತಿಗೆ ಬಹಳ ಮುಂದೆ ಹೋಗಿತ್ತು, 2021ರಲ್ಲಿ ಮಗು ತೀರಿಕೊಂಡಿತು. ಆದರೂ ಒಬ್ಬರಿಗಾಗಿ ಔಷಧಿ ಮಾಡಬಹುದು ಅನ್ನುವ ದಾರಿ ತೆರೆದದ್ದು ಅಲ್ಲಿಂದ.

ಹಾಗಾಗಿ ಒಂದೇ ಪ್ರತಿ ಕೆಟ್ಟಿರುವ, ಲಕ್ಷಣ ಪೂರ್ತಿ ಹೊಂದುವ ಜೀನ್ ಸಿಕ್ಕರೆ ಅಲ್ಲಿಗೆ ಬಿಡಬೇಡಿ. ಆ ಜೀನ್‌ನ ಇಂಟ್ರಾನ್‌ಗಳಲ್ಲಿ, ಸ್ಪ್ಲೈಸಿಂಗ್ ಕೆಡುತ್ತದಾ ಅಂತ ಅಂದಾಜಿಸುವ ಸ್ಪ್ಲೈಸ್‌ಎಐ ಓಡಿಸಿ. ಮ್ಯಾಂಟಾ ಬಳಸಿ ದೊಡ್ಡ ತುಂಡು ಹೋಗಿದೆಯಾ, ಸೇರಿದೆಯಾ ನೋಡಿ. ಸಾಧ್ಯವಿದ್ದರೆ ಆರ್‌ಎನ್‌ಎ ಓದಿಸಿ. ಮಿದುಳಿನ ಎಷ್ಟೋ ಜೀನ್‌ಗಳು ರಕ್ತದಲ್ಲಿ ಕೆಲಸವೇ ಮಾಡುವುದಿಲ್ಲ, ಚರ್ಮದಿಂದ ಬೆಳೆಸಿದ ಜೀವಕೋಶದಲ್ಲಿ ಕೆಲವು ಸಿಗುತ್ತವೆ. ಮೊದಲೇ ನೋಡಿಕೊಂಡು ಸ್ಯಾಂಪಲ್ ಕೇಳಿ.

ಬರೆಯುವಾಗ

ಎಸಿಎಂಜಿಯ (ಅಮೆರಿಕದ ಮೆಡಿಕಲ್ ಜೆನೆಟಿಕ್ಸ್ ತಜ್ಞರ ಸಂಸ್ಥೆ) 2015ರ ಮಾರ್ಗಸೂಚಿ ಪ್ರಕಾರ ವೇರಿಯಂಟ್‌ಗಳನ್ನು ಐದು ದರ್ಜೆಗೆ ಹಾಕುತ್ತೇವೆ. ಒಂದು ತುದಿಯಲ್ಲಿ ಖಚಿತವಾಗಿ ಕಾಯಿಲೆ ತರುವಂಥವು, ಇನ್ನೊಂದು ತುದಿಯಲ್ಲಿ ನಿರುಪದ್ರವಿಗಳು. ನಡುವಿನದು ವಿಯುಎಸ್: ಈಗ ಏನೂ ಹೇಳಲಾಗದು. ಮನೆಯವರಿಗೆ ಏನಾದರೂ ಕೊಡಬೇಕು ಅನ್ನುವ ಆಸೆಯಿಂದ ವಿಯುಎಸ್ ಅನ್ನು ಮೇಲಿನ ದರ್ಜೆಗೆ ತಳ್ಳಬೇಡಿ. ಅದನ್ನು ನಂಬಿ ಒಂದು ಗರ್ಭದ ವಿಷಯದಲ್ಲಿ ನಿರ್ಧಾರ ತೆಗೆದುಕೊಂಡಾರು. ವೇರಿಯಂಟ್ ಹಾನಿಕರವಾ ಅಂತ ಅಂದಾಜಿಸುವ ಆಲ್ಫಾಮಿಸೆನ್ಸ್ ಟೂಲ್ ಹೆಚ್ಚು ಅಂಕ ಕೊಟ್ಟಿತು ಅನ್ನುವುದು ಒಂದು ಸಾಕ್ಷಿ ಅಷ್ಟೇ, ತೀರ್ಪಲ್ಲ. ಸಂಶೋಧನೆಯಲ್ಲಿ ಸಿಕ್ಕಿದ್ದನ್ನು ಮಾನ್ಯತೆ ಇರುವ ಲ್ಯಾಬ್‌ನಲ್ಲಿ ಮತ್ತೊಮ್ಮೆ ಪರೀಕ್ಷಿಸಿದ ಮೇಲೆಯೇ ಮನೆಯವರಿಗೆ ಹೋಗಬೇಕು, ಅದೂ ಡಾಕ್ಟರ ಅಥವಾ ಜೆನೆಟಿಕ್ ಕೌನ್ಸೆಲರ್ ಬಾಯಿಂದ.

ಫೈಲ್ ಹೆಸರಿನಲ್ಲಿ ಮಗುವಿನ ಹೆಸರು ಬೇಡ. ವಂಶವೃಕ್ಷದ ಫೋಟೋ ವಾಟ್ಸಾಪ್‌ನಲ್ಲಿ ಓಡಾಡುವುದು ಬೇಡ. ಯಾವುದೋ ಉಚಿತ ವೆಬ್‌ಸೈಟ್‌ಗೆ ಇಡೀ ಫೈಲ್ ಹಾಕುವುದಂತೂ ಬೇಡವೇ ಬೇಡ. ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿಯನ್ನು ಒಮ್ಮೆ ಕೂತು ಓದಿ.

ಸಿಗದ ಕೇಸ್‌ಗಳನ್ನು ಜೀವಂತ ಇಡಿ

"ಸಿಗಲಿಲ್ಲ" ಅಂತ ಬರೆಯುವಾಗ ಏನೇನು ನೋಡಿದಿರಿ, ಯಾವ ಆವೃತ್ತಿಯ ಟೂಲ್, ಏನೇನು ನೋಡಿಲ್ಲ ಅನ್ನುವುದನ್ನು ಬರೆದಿಡಿ. ಎರಡು ವರ್ಷದ ನಂತರ ಬರುವ ಹೊಸ ಹುಡುಗಿ ಅದನ್ನು ಓದಿ ಮುಂದುವರಿಸುವಂತಿರಬೇಕು. ಅನುಮಾನವಿರುವ ಹೊಸ ಜೀನ್ ಇದ್ದರೆ, ಅದೇ ಜೀನ್ ಬಗ್ಗೆ ಆಸಕ್ತಿ ಇರುವವರನ್ನು ಜೋಡಿಸುವ ಜೀನ್‌ಮ್ಯಾಚರ್ ವೆಬ್‌ಸೈಟ್‌ನಲ್ಲಿ ಜೀನ್ ಹೆಸರು ಹಾಕಿ. ಬ್ರೆಜಿಲ್‌ನಲ್ಲೋ ಟರ್ಕಿಯಲ್ಲೋ ಅದೇ ಜೀನ್, ಅದೇ ಲಕ್ಷಣದ ಇನ್ನೊಂದು ಮಗು ಇರಬಹುದು.

ವರ್ಷಕ್ಕೊಮ್ಮೆಯಾದರೂ ಹಳೆಯ ಡೇಟಾವನ್ನು ಮತ್ತೆ ಓಡಿಸಿ. ಯಾಕೆ ಅನ್ನುವುದಕ್ಕೆ ಆರ್‌ಎನ್‌ಯು4-2 ಸಾಕ್ಷಿ. ಬರೀ 141 ಅಕ್ಷರದ ಪುಟ್ಟ ಜೀನ್ ಅದು, ಪ್ರೊಟೀನ್ ಬರೆಯುವುದೇ ಇಲ್ಲ. ಹಾಗಾಗಿ ಮಾಮೂಲಿ ಎಕ್ಸೋಮ್ ಪರೀಕ್ಷೆ ಅದನ್ನು ಓದುತ್ತಲೇ ಇರಲಿಲ್ಲ. 2024ರಲ್ಲಿ, ಬ್ರಿಟನ್ನಿನ 1 ಲಕ್ಷ ಜೀನೋಮ್ ಯೋಜನೆಯ ಡೇಟಾದಲ್ಲಿ ಹುಡುಕಿದವರಿಗೆ, ಬೆಳವಣಿಗೆ ಕುಂಠಿತವಾದ ಎಷ್ಟೋ ಮಕ್ಕಳಲ್ಲಿ ಅದೇ ಜಾಗದಲ್ಲಿ ಒಂದು ಟಿ ಹೆಚ್ಚಾಗಿ ಸೇರಿಕೊಂಡಿರುವುದು ಕಾಣಿಸಿತು. ಮಿದುಳಿನ ಬೆಳವಣಿಗೆಯ ತೊಂದರೆ ಇರುವವರಲ್ಲಿ ಸುಮಾರು 0.4% ಜನರಿಗೆ ಇದೇ ಕಾರಣ ಅಂತ ಅಂದಾಜು. ಒಂದೇ ಜೀನ್‌ಗೆ ಇದು ತುಂಬ ದೊಡ್ಡ ಸಂಖ್ಯೆ. ಇಡೀ ಜೀನೋಮ್ ಡೇಟಾ ಇದ್ದ ಲ್ಯಾಬ್‌ಗಳು ಅದೇ ವಾರ ಹಳೆಯ ಫೈಲ್ ತೆಗೆದು ಆ ಒಂದು ಜಾಗ ನೋಡಿದರೆ ಸಾಕಿತ್ತು.

ಕೆಲಸ ಎಲ್ಲಿ ಸಿಗುತ್ತದೆ

ಬೆಂಗಳೂರಿನಲ್ಲಿ ನಿಮ್ಹಾನ್ಸ್, ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಸೆಂಟರ್ ಫಾರ್ ಬ್ರೈನ್ ರಿಸರ್ಚ್, ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಮೆಡಿಕಲ್ ಜೆನೆಟಿಕ್ಸ್ ವಿಭಾಗ. ಹೊರಗೆ ಹೈದರಾಬಾದ್‌ನ ಸಿಡಿಎಫ್‌ಡಿ, ದೆಹಲಿಯ ಐಜಿಐಬಿ. ಖಾಸಗಿಯಲ್ಲಿ ಬೆಂಗಳೂರಿನ ಮೆಡ್‌ಜೀನೋಮ್, ಸ್ಟ್ರ್ಯಾಂಡ್‌ನಂಥ ಕಂಪನಿಗಳು. ಓದಬೇಕು ಅನ್ನುವವರಿಗೆ ಎಲೆಕ್ಟ್ರಾನಿಕ್ ಸಿಟಿಯ ಐಬಿಎಬಿ ಇದೆ. ಸರ್ಕಾರಿ ಸಂಸ್ಥೆಗಳಲ್ಲಿ ಹೆಚ್ಚಿನವು ಪ್ರಾಜೆಕ್ಟ್ ಹುದ್ದೆಗಳು. ಅನುದಾನ ಮುಗಿದರೆ ಕೆಲಸವೂ ಮುಗಿಯುತ್ತದೆ. ಸಂಬಳ ಸಾಫ್ಟ್‌ವೇರ್ ಕಂಪನಿಯಷ್ಟು ಇರುವುದಿಲ್ಲ. ಇದನ್ನು ತಿಳಿದೇ ಬನ್ನಿ, ಮನೆಯವರಿಗೂ ಮೊದಲೇ ಹೇಳಿ.

ಅರ್ಜಿಯ ಜೊತೆ ಸರ್ಟಿಫಿಕೇಟ್‌ಗಳ ಪಟ್ಟಿಗಿಂತ, ನೀವೇ ಮಾಡಿದ ಎಚ್‌ಜಿ002 ಅಭ್ಯಾಸವನ್ನು ಗಿಟ್‌ಹಬ್‌ನಲ್ಲಿ ಹಾಕಿ ಕಳಿಸಿ. ಎಲ್ಲಿ ತಪ್ಪಿತು, ಯಾಕೆ ತಪ್ಪಿತು ಅಂತ ಒಂದು ಪುಟ ಬರೆಯಿರಿ. ಇಂಟರ್‌ವ್ಯೂನಲ್ಲಿ ನೀವೂ ಮೂರು ಪ್ರಶ್ನೆ ಕೇಳಿ. ಡಾಕ್ಟರ ಜೊತೆ ವಾರದ ಕೇಸ್ ಮೀಟಿಂಗ್‌ನಲ್ಲಿ ಬಯೋಇನ್ಫರ್ಮ್ಯಾಟಿಕ್ಸ್‌ನವರು ಕೂರುತ್ತಾರಾ? ಸಿಗದ ಕೇಸ್‌ಗಳನ್ನು ಮತ್ತೆ ನೋಡುವ ಪದ್ಧತಿ ಇದೆಯಾ? ಅದಕ್ಕೆ ಡೇಟಾವನ್ನು ವರ್ಷಗಟ್ಟಲೆ ಇಟ್ಟುಕೊಳ್ಳುತ್ತೀರಾ? ಮೂರಕ್ಕೂ ಹೌದು ಅನ್ನುವ ಜಾಗ ಸಿಕ್ಕರೆ, ಸಂಬಳ ಸ್ವಲ್ಪ ಕಡಿಮೆ ಇದ್ದರೂ ಅಲ್ಲಿಗೇ ಸೇರಿ.